ಸಿದ್ದಾಪುರದಿಂದ ಯಲ್ಲಾಪುರಕ್ಕೆ, ಸವಿತಾಳ ಇಂಗ್ಲಿಷಿನ ಜೊತೆ

ಪಂದ್ಯದ ನಡುವೆ ಮೈಕು ಕೆಳಗಿಟ್ಟು ಎದ್ದು ಹೋಗು ಎಂದು ತಂಗಿ ಸವಿತಾಗೆ ಹೇಳಿದವನು ನಾನೇ ಎಂಬುದು ನನ್ನ ನೆನಪು. ಆ ಹೊತ್ತಿಗೆ ನಾನು ಮೈದಾನದ ಆಚೆ ತುದಿಯಲ್ಲಿ ನಿಂತು ಗಿರಮಿಟ್ಟು ತಿನ್ನುತ್ತಿದ್ದೆ ಎಂಬುದು ಅವಳ ನೆನಪು. ನಾವಿಬ್ಬರೂ ಸುಳ್ಳು ಹೇಳುವವರಲ್ಲ, ಆದರೆ ಒಬ್ಬರ ನೆನಪಂತೂ ತಪ್ಪಿರಲೇಬೇಕು. ವಿಶ್ವವಿದ್ಯಾಲಯದಲ್ಲಿ ಭಾಷಾವಿಜ್ಞಾನ ಓದಿದ್ದರಿಂದ ನನಗೆ ಅಂಟಿಕೊಂಡದ್ದು ಯಾರ ಮಾತನ್ನೂ ಪುರಾವೆಯಿಲ್ಲದೆ ನಂಬದ ಚಾಳಿ. ಐವತ್ತು ದಾಟಿದ ಮೇಲೆ ಆ ಅನುಮಾನ ನನ್ನ ಮೇಲೆಯೇ ತಿರುಗಿದೆ. ಹಾಗಾಗಿ ಈ ಪ್ರವಾಸದ ಕತೆಯಲ್ಲಿ ಖಾತ್ರಿಯಿಲ್ಲದ ಕಡೆ ಖಾತ್ರಿಯಿಲ್ಲ ಎಂದೇ ಬರೆಯುತ್ತೇನೆ.

ಧಾರವಾಡದಿಂದ ನಾನು ಹೊರಟದ್ದು ಫೆಬ್ರವರಿಯ ಒಂದು ಶುಕ್ರವಾರ. ಹುಬ್ಬಳ್ಳಿ, ಮುಂಡಗೋಡ, ಶಿರಸಿ ದಾಟಿ ಸಿದ್ದಾಪುರ ಮುಟ್ಟುವಷ್ಟರಲ್ಲಿ ಬಿಸಿಲು ಇಳಿದಿತ್ತು. ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ನನ್ನ ತಂಗಿ ಸವಿತಾಳ ಝೆರಾಕ್ಸ್ ಅಂಗಡಿ ಇದೆ. ಅವಳು ಯಂತ್ರಕ್ಕೆ ಕಾಗದ ತುಂಬುತ್ತ ಗಟ್ಟಿಯಾಗಿ ಏನೋ ಹೇಳಿಕೊಳ್ಳುತ್ತಿದ್ದಳು. ಹತ್ತಿರ ಹೋದಾಗ, ಚೆಂಡಿಗೆ ಒಳ್ಳೆಯ ಹೊಡೆತ ಬಿದ್ದಾಗ ಹೇಳುವ ಇಂಗ್ಲಿಷು ಕೇಳಿಸಿತು: "ವೆಲ್ ವಾಲೀಡ್, ವೆರಿ ವೆಲ್ ವಾಲೀಡ್." ಗಿರಾಕಿಯೊಬ್ಬ ತನ್ನ ಆಧಾರ್ ಪ್ರತಿಗಾಗಿ ಕಾಯುತ್ತ ಅವಳ ಬಾಯಿಯನ್ನೇ ನೋಡುತ್ತಿದ್ದ.

"ಬಂದ್ಯಾ ಅಣಾ? ಆಸ್ರಿಗೆ ಎಂತ ಬೇಕು?" ಎಂದಳು. ಬಂದವರಿಗೆ ಮೊದಲು ಬಾಯಾರಿಕೆ ಕೇಳದೆ ನಮ್ಮ ಕಡೆ ಯಾವ ಮಾತೂ ಶುರುವಾಗುವುದಿಲ್ಲ. ನಾನು ಉತ್ತರ ಕೊಡುವ ಮೊದಲೇ, "ಅದು ಇರ್ಲಿ, 'ವೆಲ್' ಹೇಳಕಾರೆ ತುಟಿ ಹೆಂಗಿರವು, 'ವಾಲಿ' ಹೇಳಕಾರೆ ಹೆಂಗಿರವು, ಮೊದ್ಲು ಅದ ಹೇಳು," ಎಂದಳು. ಕನ್ನಡದಲ್ಲಿ ಎರಡಕ್ಕೂ ಒಂದೇ 'ವ', ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ತುಟಿ ದುಂಡಗಾಗಬೇಕು, ಎರಡನೆಯದಕ್ಕೆ ಹಲ್ಲು ತುಟಿಗೆ ತಾಗಬೇಕು.

ವಿಷಯ ಇಷ್ಟು. ಸವಿತಾ ಕಾಲೇಜಿನ ದಿನಗಳಲ್ಲಿ ವಾಲಿಬಾಲ್ ಆಡುತ್ತಿದ್ದವಳು. ಮೊಣಕಾಲು ಕೈಕೊಟ್ಟ ಮೇಲೆ ವೀಕ್ಷಕ ವಿವರಣೆಗೆ ಕೂತಳು. ಸಿದ್ದಾಪುರ, ಶಿರಸಿ, ಯಲ್ಲಾಪುರ ತಾಲೂಕುಗಳಲ್ಲಿ ಎಲ್ಲಿ ನೆಟ್ ಕಟ್ಟಿದರೂ ಅವಳಿಗೆ ಕರೆ ಬರುತ್ತದೆ. ಆದರೆ ಹೊರರಾಜ್ಯದ ತಂಡಗಳು ಬರುವ ದೊಡ್ಡ ಪಂದ್ಯವಾದರೆ ಮೈಕು ಹುಬ್ಬಳ್ಳಿಯಿಂದಲೋ ಕಾರವಾರದಿಂದಲೋ ಬಂದ ಇಂಗ್ಲಿಷ್ ಬಲ್ಲವರ ಕೈಗೆ ಹೋಗುತ್ತಿತ್ತು, ಅವಳನ್ನು ಅಂಕ ಬರೆಯುವವರ ಪಕ್ಕ ಕೂರಿಸುತ್ತಿದ್ದರು. ಈ ಸಲ ಯಲ್ಲಾಪುರದಲ್ಲಿ ಮಹಿಳೆಯರ ಪಂದ್ಯಾವಳಿ. ಗೋವಾ, ಕೇರಳದಿಂದ ತಂಡಗಳು ಬರುವವಿದ್ದವು. ಸವಿತಾ ತಾನೇ ಫೋನು ಮಾಡಿ ಇಂಗ್ಲಿಷಿನಲ್ಲೂ ವಿವರಣೆ ಕೊಡುತ್ತೇನೆ ಎಂದಿದ್ದಳು. ಸಂಘಟಕ ವಿಠ್ಠಲ ಒಪ್ಪಿದ್ದು ಒಂದು ಷರತ್ತಿನ ಮೇಲೆ: ಮೊದಲ ಪಂದ್ಯ ಅವಳದು, ಅದು ಸರಿ ಬಂದರೆ ದಿನವಿಡೀ ಅವಳದು. ಬಾರದಿದ್ದರೆ ಮೈಕು ಹುಬ್ಬಳ್ಳಿಯಿಂದ ಕರೆಸಿಟ್ಟುಕೊಂಡಿರುವ ಪ್ರವೀಣ ಎನ್ನುವವರಿಗೆ.

"ಒಂದು ಪಂದ್ಯ ಸಾಕು ಯಂಗೆ," ಎಂದಳು. "ಆದ್ರೆ ಆ ಒಂದ್ರಲ್ಲಿ ತಪ್ಪಿದ್ರೆ ಮತ್ತೆ ಜೀವಮಾನವಿಡೀ ಅಂಕ ಬರೆಯವ್ರ ಪಕ್ಕವೇಯಾ."

ಆ ಸಂಜೆ ಅವಳ ಇಂಗ್ಲಿಷನ್ನು ನಾನು ಪರೀಕ್ಷೆ ಮಾಡಿದೆ. ವಾಕ್ಯಗಳು ಬಂದವು, ತಪ್ಪಿಲ್ಲದೆ ಬಂದವು. ಉಚ್ಚಾರ ಮಾತ್ರ ನಮ್ಮೆಲ್ಲರ ಹಾಗೆ ಪುಸ್ತಕದಿಂದ ನೇರ ಬಾಯಿಗೆ ಇಳಿದದ್ದು. 'ಎಂಡ್' ಎನ್ನುವಲ್ಲಿ 'ಯೆಂಡ್' ಬರುತ್ತಿತ್ತು. 'ಕಂಫರ್ಟಬಲ್' ಎಂಬುದರ ಒಂದೊಂದು ಅಕ್ಷರವನ್ನೂ ಬಿಡಿಸಿ ಬಿಡಿಸಿ ಹೇಳುತ್ತಿದ್ದಳು. ನಾನು ನಾಲಿಗೆಯ ಸ್ಥಾನ, ಉಸಿರಿನ ದಾರಿ, ಒತ್ತು ಎಂದೆಲ್ಲ ವಿವರಿಸಿದೆ. ಅವಳು ಸ್ವಲ್ಪ ಹೊತ್ತು ಕೇಳಿ, "ನಿನ್ನ ಪಾಠ ಕೇಳಿದ್ರೆ ಬಾಯಿ ಬಿಡಲೇ ಹೆದ್ರಿಕೆ ಆಗ್ತು. ನಾಳೆ ಟೀಚರ್ ಹತ್ರ ಹೋಪನ," ಎಂದಳು.

ಶನಿವಾರ ಬೆಳಿಗ್ಗೆ ಇಬ್ಬನಿ ಹಾರುವ ಮುಂಚೆ ಶಿರಸಿ ಬಸ್ಸು ಹತ್ತಿದೆವು. ಮೂವತ್ತೈದು ಕಿಲೋಮೀಟರಿನ ಮೇಲೆ ಸ್ವಲ್ಪ. ಕಂಡಕ್ಟರು ಅವಳಿಗೆ ಶೂನ್ಯ ಟಿಕೆಟು ಹರಿದುಕೊಟ್ಟು ನನ್ನಿಂದ ಐವತ್ತು ರೂಪಾಯಿಯ ಆಸುಪಾಸು ತೆಗೆದುಕೊಂಡ. ಕಾನಸೂರು ದಾಟುವವರೆಗೆ ಅವಳು ಕಿಟಕಿಯಾಚೆ ಕಂಡ ಫಲಕಗಳನ್ನೆಲ್ಲ ಓದುತ್ತ ಬಂದಳು. ಪ್ಲಂಬಿಂಗ್ ಸಾಮಾನಿನ ಅಂಗಡಿ ಬಂದಾಗ, "ಇದ್ರಲ್ಲಿ 'ಬಿ' ಮಾತಾಡ್ತಿಲ್ಲೆ ಅಲ್ದಾ?" ಎಂದು ಕೇಳಿದಳು. ಹೌದು ಎಂದೆ. "ಮಾತಾಡದ್ದನ್ನ ಎಂತಕ್ಕೆ ಪಂಕ್ತಿಲಿ ಕೂರಿಸ್ಕಂಡಿದ್ವೋ," ಎಂದು ಗೊಣಗಿದಳು.

ಟೀಚರ್ ಎಂದರೆ ಭಾಗೀರಥಿ ಟೀಚರ್. ದೇವಿಕೆರೆಯ ಹಿಂದಿನ ಓಣಿಯಲ್ಲಿ ಮನೆ. ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು, ಈಗ ಮನೆಯ ಜಗಲಿಯಲ್ಲಿ ದೊಡ್ಡವರಿಗೆ ಕಲಿಸುತ್ತಾರೆ. ಬ್ಯಾಂಕಿನವರು, ಪ್ರವಾಸಿಗರಿಗೆ ಕೊಠಡಿ ಕೊಡುವ ಮನೆಗಳವರು, ಔಷಧಿ ಅಂಗಡಿಯವರು ಬರುತ್ತಾರೆ. ತಾಳಮದ್ದಲೆಯ ಪ್ರಸಂಗಗಳಿಗೆ ತಾಳ ಹಿಡಿದು ಪದ್ಯ ಹೇಳುವುದು ಅವರ ಇನ್ನೊಂದು ಹುಚ್ಚು. ತಮ್ಮ ಬಗ್ಗೆ ಅವರಿಗೆ ಬಹಳ ಒಳ್ಳೆಯ ಅಭಿಪ್ರಾಯವಿದೆ, ಅದನ್ನು ಮುಚ್ಚಿಡುವ ಅಭ್ಯಾಸವಿಲ್ಲ.

"ಈ ಜಿಲ್ಲೆಲಿ 'ಫೊಟಾಗ್ರಫಿ' ಸರಿಯಾಗಿ ಹೇಳವು ಇದ್ರೆ ಅವು ಯನ್ನ ಹತ್ರ ಕಲ್ತವೇಯಾ," ಎಂದು ನಮ್ಮನ್ನು ಬರಮಾಡಿಕೊಂಡರು. ಆಮೇಲೆ ತೊಡೆದೇವು, ಹಾಲು. ಕಾಗದದಷ್ಟು ತೆಳುವಾದ ಆ ಸಿಹಿಯನ್ನು ಹಾಲಿನಲ್ಲಿ ಅದ್ದಿ ತಿನ್ನುವಾಗ ಸವಿತಾಳತ್ತ ಕೈ ತೋರಿಸಿ ನನಗೆ, "ನೀನು ಭಾಷೆ ಓದಿದವ ಹೇಳಿ ಇದು ಹೇಳಿತ್ತು. ಸುಮ್ನೆ ಕೂತ್ಗ. ಮಧ್ಯೆ ಬಾಯಿ ಹಾಕಡ," ಎಂದರು.

ಟೀಚರ್ ಒಳಗಿನಿಂದ ತಾಳ ತಂದರು. ಅಂಗೈಯಲ್ಲಿ ಹಿಡಿಯುವ ಎರಡು ಕಂಚಿನ ಬಟ್ಟಲುಗಳು. "ನೋಡು ತಂಗಿ. ಯಂಗ ಊಟಕ್ಕೆ ಕೂತ್ರೆ ಎಲ್ಲಾ ಎಲೆಗೂ ಒಂದೇ ನಮೂನೆ ಬಡಸ್ತ್ಯ. ಮಾತಾಡಕಾರೂ ಹಂಗೆಯಾ, ಎಲ್ಲಾ ಅಕ್ಷರಕ್ಕೂ ಸಮ. ಇಂಗ್ಲಿಷ್ನವು ಹಂಗಲ್ಲ. ಒಂದು ಎಲೆಗೆ ಪಾಯಸ ಸುರಿತ, ಉಳಿದ ಎಲೆಗೆ ನೀರು ಚಿಮುಕಿಸ್ತ. ಪಾಯಸದ ಎಲೆ ಯಾವ್ದು ಹೇಳಿ ಗೊತ್ತಾದ್ರೆ ಅರ್ಧ ಕೆಲಸ ಆತು."

ಹೀಗೆ ಹೇಳಿ 'ಫೋಟೋಗ್ರಾಫ್' ಎಂದರು. ಮೊದಲ ಅಕ್ಷರಕ್ಕೆ ತಾಳ ಖಣ್ಣೆಂದಿತು. 'ಫೊಟಾಗ್ರಫಿ' ಎನ್ನುವಾಗ ಎರಡನೆಯದಕ್ಕೆ. 'ಫೋಟೋಗ್ರಾಫಿಕ್' ಎನ್ನುವಾಗ ಇನ್ನೂ ಮುಂದೆ ಸರಿಯಿತು. ಆಮೇಲೆ ಆಟದ ಮಾತುಗಳು: 'ರಿಸೀವ್', 'ರೋಟೇಶನ್', 'ಆಪರ್ಚುನಿಟಿ', 'ಡಿಸಿಶನ್'. ಸವಿತಾ ತೊಡೆಯ ಮೇಲೆ ಕೈ ಬಡಿಯುತ್ತ ಹಿಂದೆ ಹಿಂದೆ ಹೇಳಿದಳು. ನಾನು ಪುಸ್ತಕಗಳಲ್ಲಿ ಗುರುತು ಹಾಕಿ ಹಾಕಿ ಓದಿದ್ದ ಸಂಗತಿ ಕಂಚಿನ ಸದ್ದಾಗಿ ಅವಳ ಬಾಯಿಗೆ ಬರುವುದನ್ನು ನೋಡಿದೆ. ಎಷ್ಟು ಹೊತ್ತು ಕೂತೆವೋ ಹೇಳಲಾರೆ. ಮಧ್ಯಾಹ್ನದ ಊಟಕ್ಕೆ ಏಳುವಾಗ ಅವಳ 'ಎಂಡ್' 'ಎಂಡ್' ಆಗಿತ್ತು, ತೊಡೆ ಕೆಂಪಾಗಿತ್ತು.

ಬಳಕೆಯ ಪಾಠವೂ ಆಯಿತು. "ಹೊರಗಿನ ತಂಡದವು ಬಂದಕೂಡ್ಲೆ ಮಾತಾಡ್ಸು ನೋಡ್ವ," ಎಂದರು ಟೀಚರ್. ಸವಿತಾ ನಗುತ್ತ ಇಂಗ್ಲಿಷಿನಲ್ಲಿ, 'ಹ್ಯಾವ್ ಯು ಟೇಕನ್ ಎನಿಥಿಂಗ್?' ಎಂದಳು. ಆಸ್ರಿಗೆ ಆಯಿತೇ ಎಂದು ಕೇಳಿದ್ದು ಅವಳು.

"ಅದು ಪೋಲೀಸ್ನವು ಕೇಳದು! ಎಂತ ಕದ್ದಿದ್ದೆ ಹೇಳಿ ಚೀಲ ತೆಗೆಸ್ತ್ಯನೇ?" ಎಂದು ಟೀಚರ್ ಹಣೆ ಬಡಿದುಕೊಂಡರು. "'ಗುಡ್ ನೇಮ್' ಕೇಳಡ. ಕೆಟ್ಟ ಹೆಸರು ಬೇರೆ ಇರ್ತನೇ? ಮತ್ತೊಂದು ಮುಖ್ಯದ್ದು. ನೀನು ಕನ್ನಡದಲ್ಲಿ ಆ ಊರಿನ ಮಗಳು ಈ ಊರಿನ ಸೊಸೆ ಹೇಳಿ ಶುರು ಮಾಡ್ತೆ ಅಲ್ದಾ, ಅದನ್ನ ಇಲ್ಲೇ ಬಿಟ್ಟು ಹೋಗು. ಇಂಗ್ಲಿಷ್ನಲ್ಲಿ ಜರ್ಸಿ ನಂಬರು, ಹೆಸರು, ಮುಗತ್ತು."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆಯ ಮೈದಾನಗಳಲ್ಲಿ ಆಟಗಾರರನ್ನು ಬರೀ ಹೆಸರಿನಿಂದ ಕರೆಯುವುದಿಲ್ಲ. ಹೆಗಡೆಕಟ್ಟಾದ ಹುಡುಗ ಎನ್ನುತ್ತಾರೆ, ವಾನಳ್ಳಿಯ ಅಳಿಯ ಎನ್ನುತ್ತಾರೆ. ಹೆಂಗಸರಾದರೆ ತವರೂರು, ಸೇರಿದ ಊರು ಎರಡೂ ಬರುತ್ತವೆ. ಒಂದು ಹೊಡೆತಕ್ಕೆ ಎರಡು ಊರಿನವರು ಚಪ್ಪಾಳೆ ತಟ್ಟುತ್ತಾರೆ. ಸವಿತಾಳ ವಿವರಣೆಗೆ ಜನ ಕಾಯುವುದೇ ಇದಕ್ಕೆ. ಯಾರು ಎಲ್ಲಿಯವರು ಎಂಬುದನ್ನು ಅವಳು ಮರೆಯುವುದಿಲ್ಲ. ಟೀಚರ್ ಹೇಳಿದ್ದಕ್ಕೆ ಅವಳು ತಲೆಯಾಡಿಸಿದಳು. ನಾನೂ ಆಡಿಸಿದೆ, ಸರಿಯಾದ ಸಲಹೆ ಎಂದುಕೊಂಡೆ.

ಮಧ್ಯಾಹ್ನದ ಯಲ್ಲಾಪುರ ಬಸ್ಸಿನಲ್ಲಿ ಜಾಗ ಸಿಕ್ಕಿತು. ಐವತ್ತು ಕಿಲೋಮೀಟರಿಗೂ ಮಿಕ್ಕಿದ ದಾರಿ. ಭೈರುಂಬೆಗೆ ಹೋಗುವವರು ನಡುವೆ ಇಳಿದುಕೊಂಡರು. ಸವಿತಾ ಮುಂದಿನ ಸೀಟಿನ ಕಬ್ಬಿಣದ ಮೇಲೆ ಉಂಗುರದ ಬೆರಳಿನಿಂದ ಪೆಟ್ಟು ಹಾಕುತ್ತ ತುಟಿ ಅಲ್ಲಾಡಿಸುತ್ತಿದ್ದಳು. ಮುಂದೆ ಕೂತಿದ್ದ ಹಿರಿಯರೊಬ್ಬರು ತಿರುಗಿ ನೋಡಿ, "ಎಲ್ಲಿ ತಾಳಮದ್ದಲೆ ಇವತ್ತು?" ಎಂದು ಕೇಳಿದರು. "ಇಲ್ಲೆ, ವಾಲಿಬಾಲಿಗೆ ಹೊಂಟಿದ್ದೆ," ಎಂದಳು. ಅವರಿಗೆ ಅರ್ಥವಾಗಲಿಲ್ಲ, ಆದರೆ ಅಡ್ಡಿಲ್ಲೆ ಎಂಬಂತೆ ತಲೆದೂಗಿದರು. ಮಂಚಿಕೇರಿಯಲ್ಲಿ ಬಸ್ಸು ನಿಂತಾಗ ಬನ್ಸ್ ತಿಂದು ಚಹಾ ಕುಡಿದೆವು. ಮುಂದೆ ಬೇಡ್ತಿ ಹೊಳೆಯ ಸೇತುವೆ ದಾಟುವಾಗ ನೀರು ಬಂಡೆಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ಅವಳು ಅಭ್ಯಾಸ ನಿಲ್ಲಿಸಿ, "ಅಣಾ, ನಾಳೆ ಅವು ನಗಾಡಿದ್ರೆ?" ಎಂದಳು.

ನಗಲಿಕ್ಕಿಲ್ಲ ಎಂದೆ. ಅದನ್ನು ನಾನೇ ಅಷ್ಟು ನಂಬಿರಲಿಲ್ಲ.

ಭಾನುವಾರ ಬೆಳಿಗ್ಗೆ ಯಲ್ಲಾಪುರದಲ್ಲಿ ಆಕಾಶ ತಿಳಿಯಾಗಿತ್ತು. ಮಂಜು ಇತ್ತು ಎಂದು ಮೊದಲು ಬರೆದಿದ್ದೆ, ಸವಿತಾ ಓದಿ ಹೊಡೆದು ಹಾಕಿಸಿದಳು. ಮೈದಾನದ ಕೆಂಪು ಮಣ್ಣಿಗೆ ನೀರು ಹೊಡೆದು ಸುಣ್ಣದ ಗೆರೆ ಎಳೆದಿದ್ದರು. ಒಂದು ಬದಿಗೆ ಶಾಮಿಯಾನ, ಅದರಡಿ ಅಂಕ ಬರೆಯುವವರ ಮೇಜು, ಅದರ ಪಕ್ಕ ಮೈಕಿನ ಮೇಜು. ಸಂಘಟಕ ವಿಠ್ಠಲ ಎರಡು ಫೋನು ಹಿಡಿದು ಓಡಾಡುತ್ತಿದ್ದ. "ಬಂದ್ರಾ ಮೇಡಂ? ಇಲ್ಲಿ ಕೂತ್ಕಳಿ. ಇವ್ರು ಪ್ರವೀಣ್ ಅಂತ. ಏನಾದ್ರೂ ಹೆಚ್ಚು ಕಡಿಮೆ ಆದ್ರೆ ಇವ್ರು ಇದ್ದಾರೆ, ನೀವು ಟೆನ್ಶನ್ ಮಾಡ್ಕಬೇಡಿ," ಎಂದ. ಟೆನ್ಶನ್ನಿಗೆ ಅಷ್ಟು ಸಾಕಾಯಿತು.

ಪ್ರವೀಣ ಮೂವತ್ತರ ಒಳಗಿನವರು, ಇಸ್ತ್ರಿ ಮಾಡಿದ ಬಿಳಿ ಟೀ ಶರ್ಟು. ಎದ್ದು ನಿಂತು, "ಬರ್ರಿ ಅಕ್ಕಾರ, ಕೂಡ್ರಿ. ನಿಮ್ಮ ಕನ್ನಡ ಕಾಮೆಂಟರಿ ಮೊಬೈಲ್ನ್ಯಾಗ ಕೇಳೀನ್ರಿ ನಾ," ಎಂದರು. ಒಳ್ಳೆಯ ಮನುಷ್ಯ. ಹಾಗಾಗಿ ಅವರ ಮೇಲೆ ಸಿಟ್ಟಾಗುವ ದಾರಿಯೂ ಇರಲಿಲ್ಲ.

ಮೊದಲ ಪಂದ್ಯ ಯಲ್ಲಾಪುರದ ತಂಡಕ್ಕೂ ಕೇರಳದ ತಂಡಕ್ಕೂ. ಮೂರರಲ್ಲಿ ಎರಡು ಸೆಟ್ ಗೆದ್ದವರಿಗೆ ಪಂದ್ಯ. ಸವಿತಾ ಎದ್ದು ನಿಂತು ಸ್ವಾಗತ ಹೇಳಿದಳು. ಎಲ್ಲ ಅಕ್ಷರವೂ ಸರಿಯಾದ ಜಾಗದಲ್ಲಿ ಬಿತ್ತು. 'ವಾಲಿಬಾಲ್' ಎನ್ನುವಾಗ ಹಲ್ಲು ತುಟಿಗೆ ತಾಗಿದ್ದು ನನಗೆ ಕಂಡಿತು. ಮೊದಲ ಸೆಟ್ಟಿನುದ್ದಕ್ಕೂ ಅವಳು ಒಂದೂ ತಪ್ಪು ಮಾಡಲಿಲ್ಲ. ನಂಬರ್ ನೈನ್ ಸರ್ವ್ಸ್, ನಂಬರ್ ಸೆವೆನ್ ಸ್ಪೈಕ್ಸ್, ವೆಲ್ ವಾಲೀಡ್. ಧ್ವನಿವರ್ಧಕದಿಂದ ಬರುತ್ತಿದ್ದದ್ದು ರೈಲು ನಿಲ್ದಾಣದ ಪ್ರಕಟಣೆಯ ಹಾಗಿತ್ತು. ಜನ ಶೇಂಗಾ ಸುಲಿಯುತ್ತ ತಮ್ಮತಮ್ಮೊಳಗೆ ಮಾತಿಗೆ ತೊಡಗಿದರು. ಯಾರೋ ಹಿಂದಿನಿಂದ, "ಸವಿತಕ್ಕಂಗೆ ಎಂತ ಆತಾ ಇವತ್ತು? ಜ್ವರನಾ?" ಎಂದರು. ಕೇರಳದವರು ಸೆಟ್ ಗೆದ್ದರು. ವಿಠ್ಠಲ ಪ್ರವೀಣರ ಕಿವಿಯಲ್ಲಿ ಏನೋ ಹೇಳುತ್ತಿದ್ದ.

ಎರಡನೇ ಸೆಟ್ಟಿನಲ್ಲಿ ಊರಿನ ತಂಡ ಹಿಂದೆ ಬೀಳುತ್ತಿದ್ದಾಗ ಅದು ನಡೆಯಿತು. ಮಂಗಲಾ ಎಂಬ ಆಟಗಾರ್ತಿ ನೆಟ್ಟಿನ ಮೇಲೆ ಎದ್ದು ಚೆಂಡನ್ನು ಎದುರಾಳಿಯ ಮೂಲೆಗೆ ಬಡಿದಳು. ಸವಿತಾಳ ಬಾಯಿಂದ ಇಂಗ್ಲಿಷಿನಲ್ಲಿಯೇ ಬಂತು: 'ಡಾಟರ್ ಆಫ್ ಭೈರುಂಬೆ, ಡಾಟರ್ ಇನ್ ಲಾ ಆಫ್ ವಾನಳ್ಳಿ!'

ಇದು ಅಭ್ಯಾಸಬಲದಿಂದ ಜಾರಿದ್ದೋ, ಬೇಕೆಂದೇ ಹೇಳಿದ್ದೋ ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ. ಒಮ್ಮೊಮ್ಮೆ ಒಂದೊಂದು ಹೇಳುತ್ತಾಳೆ. ಮೈದಾನ ಮಾತ್ರ ಹುಚ್ಚೆದ್ದಿತು. ವಾನಳ್ಳಿಯಿಂದ ಬಂದಿದ್ದ ಹೆಂಗಸರು ಎದ್ದು ನಿಂತರು. ಶೇಂಗಾದವನೂ ಸಿಳ್ಳೆ ಹೊಡೆದ. ಅಲ್ಲಿಂದ ಮುಂದೆ ಅವಳು ತಡೆಯಲಿಲ್ಲ. ತಾಳದ ಪೆಟ್ಟಿನಲ್ಲಿ ಇಂಗ್ಲಿಷು, ಅದರೊಳಗೆ ಊರು, ಮನೆ, ನೆಂಟಸ್ತಿಕೆ. ಹೆಗಡೆಕಟ್ಟಾದ ಮೊಮ್ಮಗಳು ಸರ್ವ್ ಮಾಡಿದಳು, ಮಂಚಿಕೇರಿಯ ಸೊಸೆ ಅದಕ್ಕೆ ಬೆಂಬಲ ನಿಂತಳು. ಊರಿನ ತಂಡ ಆ ಸೆಟ್ ಗೆದ್ದೇಬಿಟ್ಟಿತು. ವಿಠ್ಠಲನ ಮುಖವೂ ಸಡಿಲಾಗಿತ್ತು.

ಗೆದ್ದೆವು ಎಂದುಕೊಂಡು ನಾನು ಅವಳತ್ತ ನೋಡಿದರೆ ಅವಳು ಬಿಳಚಿಕೊಂಡಿದ್ದಳು.

"ಎಂತ ಆತೇ?"

"ತಪ್ಪಾತು ಅಣಾ," ಎಂದಳು. "ಅಲ್ನೋಡು."

ಕೇರಳದ ಹುಡುಗಿಯರು ತಮ್ಮ ಬೆಂಚಿನಲ್ಲಿ ಟವೆಲ್ಲು ಹಾಕಿಕೊಂಡು ಕೂತಿದ್ದರು. ಅವರೇನೂ ಬೇಸರಪಟ್ಟ ಹಾಗೆ ನನಗೆ ಕಾಣಲಿಲ್ಲ. "ಯಮ್ಮವಕ್ಕೆ ಊರು, ಮನೆ, ತವರು ಎಲ್ಲಾ ಹೇಳಿ, ಬಂದವಕ್ಕೆ ಬರೀ ನಂಬರು ಕರದಿ. ನೆಂಟ್ರನ್ನ ಕೂರಿಸ್ಕಂಡು ಮನೆಯವಕ್ಕೆ ಮಾತ್ರ ಬಡಿಸಿದಂಗೆ ಆತು," ಎಂದಳು.

ಇಲ್ಲಿ ನಮ್ಮಿಬ್ಬರ ನೆನಪು ಬೇರೆಯಾಗುತ್ತದೆ. ಹೋಗಿ ಕೇಳಿಕೊಂಡು ಬಾ ಎಂದು ನಾನು ಹೇಳಿದೆ ಎಂಬುದು ನನ್ನದು. ಈ ಮಾತುಕತೆಯಷ್ಟೂ ಪಂದ್ಯ ಮುಗಿದ ಮೇಲೆ ಊಟದ ಹೊತ್ತಿಗೆ ಆದದ್ದು, ಸೆಟ್ ಮುಗಿದಾಗ ನಾನು ಗಿರಮಿಟ್ಟಿನ ಗಾಡಿಯ ಹತ್ತಿರ ಇದ್ದೆ ಎಂಬುದು ಅವಳದು. ಯಾರು ಹೇಳಿದರೂ ಹೇಳದಿದ್ದರೂ, ಮೈಕನ್ನು ಮೇಜಿನ ಮೇಲಿಟ್ಟು ಅವಳು ಎದ್ದಳು. ಅಂಕಣವನ್ನು ಬಳಸಿ ಆಚೆಯ ಬೆಂಚಿನತ್ತ ಸರಸರನೆ ನಡೆದಳು.

ವಿಠ್ಠಲ ಹೌಹಾರಿದ. "ಮೇಡಂ! ಎಲ್ಲಿ ಹೊಂಟ್ರಿ? ಸೆಟ್ ಶುರು ಮಾಡ್ತಾರೆ ಈಗ!" ಅವಳು ಕೈ ಬೀಸಿದಳಷ್ಟೇ. ಧ್ವನಿವರ್ಧಕ ಖಾಲಿ ಗೊರಗುಟ್ಟುತ್ತಿತ್ತು. ವಿಠ್ಠಲ ಮೈಕೆತ್ತಿ ಪ್ರವೀಣರ ಕೈಗೆ ಕೊಟ್ಟ. ಪ್ರವೀಣ ತಡವರಿಸದೆ ಶುರು ಮಾಡಿದರು. ಅವರ ಇಂಗ್ಲಿಷು ಟೀವಿಯಲ್ಲಿ ಕೇಳುವಂಥದ್ದು, ಹೊಳಪು ಅಂದರೆ ಹೊಳಪು. ತಾನಾಗಿ ಇಟ್ಟು ಹೋದ ಮೈಕನ್ನು ಯಾರು ತಿರುಗಿ ಕೊಡುತ್ತಾರೆ?

ಆ ಬದಿಯ ಬೆಂಚಿನಲ್ಲಿ ಏನಾಯಿತು ಎಂಬುದನ್ನು ನಾನು ದೂರದಿಂದ ಕಂಡೆ, ಮಾತನ್ನು ಸವಿತಾಳಿಂದ ಕೇಳಿದೆ. ಟೀಚರ್ ಬೇಡವೆಂದಿದ್ದ ಮಾತಿನಿಂದಲೇ ಅವಳು ಶುರು ಮಾಡಿದ್ದಳಂತೆ: 'ವಾಟ್ ಈಸ್ ಯುವರ್ ಗುಡ್ ನೇಮ್? ವಾಟ್ ಈಸ್ ಯುವರ್ ಮದರ್ಸ್ ವಿಲೇಜ್?' ಹುಡುಗಿಯರು ಮೊದಲು ಮುಖ ಮುಖ ನೋಡಿಕೊಂಡರು. ಆಮೇಲೆ ಎಲ್ಲರೂ ಒಟ್ಟಿಗೆ ಹೇಳತೊಡಗಿದರು. ಅವರ ನಾಯಕಿ, ಏಳನೇ ನಂಬರಿನ ಶ್ರೀಜಾ, ತಾನು ಅಂಬಲಪ್ಪುೞದವಳು ಎಂದಳು. ಆ ಕೊನೆಯ ಅಕ್ಷರ ಸವಿತಾಳ ಬಾಯಲ್ಲಿ ಮೊದಲು 'ಳ' ಆಯಿತು, ಆಮೇಲೆ 'ಝ' ಆಯಿತು. ಶ್ರೀಜಾ ನಗುತ್ತ ತಲೆಯಾಡಿಸಿ ತನ್ನ ಬಾಯಿ ತೆರೆದು ನಾಲಿಗೆ ಹಿಂದಕ್ಕೆ ಮಡಚಿ ತೋರಿಸಿದಳು. ನಾನು ಕಂಡದ್ದು ಇದನ್ನು: ಬಿಸಿಲಲ್ಲಿ ಒಬ್ಬರೆದುರು ಒಬ್ಬರು ಬಾಯಿ ತೆರೆದು ನಿಂತಿದ್ದರು, ಸವಿತಾ ತೊಡೆಗೆ ಪೆಟ್ಟು ಹಾಕುತ್ತಿದ್ದಳು.

ಆ ಅಕ್ಷರ ಕನ್ನಡದಲ್ಲೂ ಒಂದು ಕಾಲಕ್ಕೆ ಇತ್ತು. ಬನವಾಸಿ ಸುತ್ತಿನ ಹಳೆಯ ಶಾಸನಗಳಲ್ಲಿ ನಾನೇ ಬೆರಳಿಟ್ಟು ಓದಿದ್ದೇನೆ. ಕಲ್ಲಿನಲ್ಲಿ ಉಳಿದು ನಮ್ಮ ನಾಲಿಗೆಯಿಂದ ಬಿಟ್ಟುಹೋಗಿದೆ. ಅದನ್ನು ಹೇಗೆ ಹೇಳುತ್ತಿದ್ದರು ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಅಂಕ ಗಳಿಸಿದ್ದೇನೆ, ಹೇಳಲು ಪ್ರಯತ್ನಿಸಿದ್ದೆನೋ ಇಲ್ಲವೋ ನೆನಪಿಲ್ಲ.

ಸವಿತಾ ತಿರುಗಿ ಬರುವಾಗ ಮೂರನೇ ಸೆಟ್ಟು ಶುರುವಾಗಿ ಎರಡೂ ಕಡೆ ಒಂದೆರಡು ಅಂಕ ಆಗಿತ್ತು.

"ಇರ್ಲಿ ಮೇಡಂ, ಅವ್ರೇ ಮುಂದುವರಿಸ್ಲಿ," ಎಂದ ವಿಠ್ಠಲ. "ಚೆನ್ನಾಗೇ ಹೇಳ್ತಿದ್ದಾರೆ ಅಲ್ಲ?"

"ಚೆನ್ನಾಗಿ ಹೇಳ್ತಿದ್ದಾರೆ ವಿಠ್ಠಲಣ್ಣ. ಆದ್ರೆ ಆ ಮಕ್ಕಳು ಈಗ ನನ್ನ ಬಾಯಿ ಕಾಯ್ತಾ ಇದ್ದಾರೆ. ಅಮ್ಮನ ಊರು ಕೇಳಿ ಬಂದಿದ್ದೇನೆ. ಕೇಳಿ ಸುಮ್ನೆ ಕೂತ್ರೆ ಹೇಗೆ?" ಎಂದಳು ಸವಿತಾ. "ಈ ಸೆಟ್ ಮುಗಿಯೂವರೆಗೆ ಕೊಡಿ. ಸರಿ ಬರದಿದ್ರೆ ನಾನೇ ಬಸ್ಸು ಹತ್ತಿ ಹೋಗ್ತೇನೆ, ನೀವು ಹೇಳುದೇ ಬೇಡ."

ವಿಠ್ಠಲ ಫೋನು ನೋಡಿದ, ಮೈದಾನ ನೋಡಿದ. ಪ್ರವೀಣ ಮಾತು ನಿಲ್ಲಿಸಿ ಮೈಕನ್ನು ಅಂಗೈಯಿಂದ ಮುಚ್ಚಿ, "ಕೊಡೂಣ್ರಿ ಸರ. ಅವರು ಹೆಸರು ಕೇಳಿ ಬಂದಾರ, ನನಗ ಬರೇ ನಂಬರ್ ಗೊತ್ತದ. ತಗೋರ್ರಿ ಅಕ್ಕಾರ," ಎಂದರು. ಅವರು ಕೊಟ್ಟರೋ ಅವಳೇ ಕಿತ್ತುಕೊಂಡಳೋ ಎಂಬುದರಲ್ಲೂ ಭಿನ್ನಾಭಿಪ್ರಾಯವಿದೆ. ಕೊಟ್ಟರು ಎಂದು ಬರೆಯುತ್ತೇನೆ; ಅವರ ಸ್ವಭಾವಕ್ಕೆ ಅದು ಹೊಂದುತ್ತದೆ.

ಚೆಂಡು ಆಚೆ ಬದಿಗೆ ಹೋಯಿತು. ಅವರು ಎತ್ತಿಕೊಟ್ಟರು, ಶ್ರೀಜಾ ಹಾರಿದಳು. ಸವಿತಾ ಕುರ್ಚಿಯಿಂದ ಎದ್ದಿದ್ದಳು. ಒಂದು ಪೆಟ್ಟು ತೊಡೆಗೆ, ಮತ್ತೊಂದು ಪೆಟ್ಟು, ಆಮೇಲೆ ಧ್ವನಿವರ್ಧಕ ಯಲ್ಲಾಪುರದ ಮೇಲೆಲ್ಲ ಹರಡಿತು: 'ಶ್ರೀಜಾ! ದ ಡಾಟರ್ ಆಫ್ ಅಂಬಲಪ್ಪುೞ!'

ಕೇರಳದ ಬೆಂಚು ಇಡಿಯಾಗಿ ಎದ್ದು ನಿಂತು ಕೂಗಿತು ಎಂದು ನನ್ನ ನೆನಪು. ಶ್ರೀಜಾ ಮೈಕಿನ ಮೇಜಿನತ್ತ ತಿರುಗಿ ಎರಡೂ ಕೈ ಎತ್ತಿದಳು ಎಂದೂ ನೆನಪು. ಊರಿನ ಜನರಿಗೆ ಮೊದಲು ಗೊಂದಲವಾಯಿತು, ನಮ್ಮವರಲ್ಲದವರಿಗೆ ಚಪ್ಪಾಳೆ ತಟ್ಟುವುದೋ ಬೇಡವೋ ಎಂದು. ಆಮೇಲೆ ವಾನಳ್ಳಿಯ ಹೆಂಗಸರೇ ಶುರು ಮಾಡಿದರು. ಅಂಬಲಪ್ಪುೞ ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿಲ್ಲ, ಆದರೆ ಅದೊಂದು ಊರು, ಈಕೆ ಅದರ ಮಗಳು ಎಂದು ಈಗ ಗೊತ್ತಾಗಿತ್ತು. ಎರಡು ಕಡೆಗೂ ಊರುಗಳ ಹೆಸರು ಹಾರಾಡಿದ ಆ ಸೆಟ್ಟನ್ನು ಕೇರಳದವರು ಗೆದ್ದರು. ಮಂಗಲಾ ಸೋತ ಮುಖದಲ್ಲೇ ಹೋಗಿ ಶ್ರೀಜಾಳ ಕೈ ಕುಲುಕಿದಳು.

ಮೈಕು ಸಂಜೆಯವರೆಗೆ ಸವಿತಾಳ ಕೈಯಲ್ಲೇ ಇತ್ತು. ಪ್ರವೀಣ ಊಟದ ಮೇಲೆ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಗೋವಾ ತಂಡದ ಬೆಂಚಿಗೆ ತಾವೇ ಹೋಗಿ ಊರು ಕೇಳಿಕೊಂಡು ಬಂದರು. ಕೆಲವು ಹೆಸರುಗಳಲ್ಲಿ ಅವಳು ಎಡವಿದಳು. ಎಡವಿದ ಕೂಡಲೇ ಮೈಕಿನಲ್ಲೇ 'ಸಾರಿ, ಒನ್ಸ್ ಮೋರ್' ಎಂದು ಸರಿ ಮಾಡಿಕೊಂಡಳು. 'ಕಂಫರ್ಟಬಲ್' ಹಳೆಯ ರೀತಿಯಲ್ಲೇ ಬಂತು, ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಬಹುಮಾನ ಕೊಡುವ ಮುಂಚೆ ವಿಠ್ಠಲ, "ಮುಂದಿನ ವರ್ಷನೂ ನೀವೇ ಮೇಡಂ, ಬೇರೆ ಯಾರಿಗೂ ಒಪ್ಕಬೇಡಿ," ಎಂದ. ಅವಳು ಗಂಭೀರವಾಗಿ, "ನೋಡುವಾ, ಆ ಹೊತ್ತಿಗೆ ಏನಿರ್ತದೋ," ಎಂದಳು. ಶಾಮಿಯಾನದ ಹಿಂದೆ ಬಂದ ಮೇಲೆ ನನ್ನ ಬೆನ್ನಿಗೊಂದು ಗುದ್ದು ಕೊಟ್ಟಳು. ಅದು ಇನ್ನೂ ಚೆನ್ನಾಗಿ ನೆನಪಿದೆ.

ಸೋಮವಾರ ಬೆಳಿಗ್ಗೆ ಯಲ್ಲಾಪುರದ ಬಸ್ ನಿಲ್ದಾಣದಲ್ಲಿ ನಮ್ಮ ದಾರಿ ಬೇರೆಯಾಯಿತು. ನನ್ನ ಹುಬ್ಬಳ್ಳಿ ಬಸ್ಸು ಮೊದಲು ಬಂತು. ಹತ್ತುವ ಮುಂಚೆ ಅವಳು ಭಾಗೀರಥಿ ಟೀಚರಿಗೆ ಫೋನು ಹಚ್ಚಿ ನಡೆದದ್ದನ್ನೆಲ್ಲ ಹೇಳಿದಳು, ಸೊಸೆ ಮಗಳು ಎಂದದ್ದನ್ನೂ ಬಿಡದೆ. ಆ ಕಡೆಯಿಂದ ಟೀಚರ ಧ್ವನಿ ನನಗೂ ಕೇಳಿಸುವಷ್ಟು ಜೋರಾಗಿತ್ತು: "ಹಂಗೇ ಹೇಳವು ಹೇಳಿಯೇ ಆನು ಕಲ್ಸಿದ್ದು!" ಕಿಟಕಿಯಿಂದ ತಿರುಗಿ ನೋಡಿದಾಗ ಸವಿತಾ ಫೋನು ಕಿವಿಗಿಟ್ಟುಕೊಂಡೇ ನಗುತ್ತಿದ್ದಳು.

ಧಾರವಾಡಕ್ಕೆ ಬಂದ ಮೇಲೆ ಅನುಮಾನ ಶುರುವಾಯಿತು. ತಂಗಿಯ ಮೇಲಿನ ಹೆಮ್ಮೆ ನನ್ನ ಕಿವಿಯನ್ನು ಕೆಡಿಸಿರಬಹುದಲ್ಲ? ಆ ಅಕ್ಷರ ಅವಳ ಬಾಯಲ್ಲಿ ನಿಜವಾಗಿ ಬಂದಿತ್ತೇ, ಬರಲಿ ಎಂದು ಬಯಸಿದ್ದಕ್ಕೆ ನನಗೆ ಹಾಗೆ ಕೇಳಿಸಿತೇ? ಪಂದ್ಯವನ್ನು ಯಾರೋ ಮೊಬೈಲಿನಲ್ಲಿ ಹಿಡಿದದ್ದು ಸಿಕ್ಕಿತು. ಅದರಲ್ಲಿ ಅಂಕಣ ಮಾತ್ರ ಇದೆ. ಕೇರಳದ ಬೆಂಚು ಕಾಣುವುದಿಲ್ಲ, ಮೈಕಿನ ಮೇಜು ಕಾಣುವುದಿಲ್ಲ, ಗಿರಮಿಟ್ಟಿನ ಗಾಡಿಯಂತೂ ಇಲ್ಲವೇ ಇಲ್ಲ. ಹಾಗಾಗಿ ಯಾರು ಎದ್ದರು, ಯಾರು ಕೊಟ್ಟರು, ನಾನು ಎಲ್ಲಿದ್ದೆ ಎಂಬುದೆಲ್ಲ ಇದ್ದಲ್ಲೇ ಉಳಿದಿದೆ. ಧ್ವನಿ ಮಾತ್ರ ಸ್ಪಷ್ಟವಾಗಿದೆ. ನಮ್ಮ ಪಕ್ಕದ ಮನೆಯಲ್ಲಿ, ಅಂಬಲಪ್ಪುೞಕ್ಕೆ ಹತ್ತಿರದ ಆಲಪ್ಪುೞ ಕಡೆಯ ದಾದಿಯೊಬ್ಬರಿದ್ದಾರೆ. ಯಾರದು, ಎಲ್ಲಿಯದು ಎಂದು ಏನನ್ನೂ ಹೇಳದೆ ಆ ತುಣುಕನ್ನು ಅವರಿಗೆ ಕೇಳಿಸಿದೆ. ಅವರು ಒಮ್ಮೆ ಕೇಳಿದರು, ಮತ್ತೊಮ್ಮೆ ಹಾಕಿ ಎಂದರು, ಆಮೇಲೆ ಮುಖವೆಲ್ಲ ಅರಳಿಸಿಕೊಂಡು ಈ ಹೆಂಗಸು ನಮ್ಮ ಯಾವ ಊರಿನವರು ಎಂದು ಕೇಳಿದರು.

ಸಿದ್ದಾಪುರದವಳು ಎಂದೆ.